ಕೆಂಪು ದಾರ ಕಾಯುವ ಕೊಡೆಯಕ್ಕ

ಬೆಳಗಿನ ಆರು ಗಂಟೆ. ವಿಮಾನ ನೆಲೆಯ ಹಿಂಭಾಗದಲ್ಲೊಂದು ಉದ್ದನೆಯ ಕೋಣೆ. ಅದಕ್ಕಿಂತ ತುಸುವೇ ಗಿಡ್ಡವಾದ ಮೇಜಿನ ತುಂಬ ಬಿಳಿ ಬಟ್ಟೆ ಚಾಚಿಕೊಂಡಿದೆ. ಪಕ್ಕದಲ್ಲಿ ಬರಿಗಾಲಲ್ಲಿ ನಿಂತ ಹೆಂಗಸು ಇಪ್ಪತ್ತೆಂಟು ಹಗ್ಗಗಳನ್ನು ಒಂದೊಂದಾಗಿ ಬೆರಳ ಸಂದಿಗೆ ತಂದು ಸಾಲುಹಿಡಿಸುತ್ತಿದ್ದಾಳೆ. ಕೈಗೆ ಬಳೆಯಿಲ್ಲ, ಬೆರಳಿಗೆ ಉಂಗುರವಿಲ್ಲ. ಬಟ್ಟೆಗೆ ಸಿಕ್ಕಿಕೊಳ್ಳುವ ಯಾವುದೂ ಈ ಹೊಸ್ತಿಲು ದಾಟುವಂತಿಲ್ಲ. ಮಾತೂ ಅಷ್ಟೇ. ಹಗ್ಗ ಕೈಯಲ್ಲಿರುವಾಗ ಯಾರಾದರೂ ಬಾಯಿಬಿಟ್ಟರೆ ಮುಗಿಯಿತು, ಎಲ್ಲ ಬಿಚ್ಚಿ ಮೊದಲಿನಿಂದ ಮಡಚಬೇಕು.

ಪೈಲಟ್‌ಗಳ ಪ್ಯಾರಾಚೂಟ್ ಮಡಚುವ ಈಕೆ ನೆಲೆಯವರಿಗೆಲ್ಲ ಕೊಡೆಯಕ್ಕ. ಶಾಲೆ ನಾಲ್ಕನೇ ತರಗತಿಗೇ ನಿಂತಿತು. ಡೇರೆ ಹೊಲಿಯುತ್ತಿದ್ದ ತಾಯಿಯ ಪಕ್ಕ ಕೂತು ಬಟ್ಟೆಯ ಗುಣ ಕಲಿತವಳು. ದಿನಕ್ಕೆ ಮೂರು ಕೊಡೆ; ಇಪ್ಪತ್ತಾರು ವರ್ಷದಲ್ಲಿ ನಾಲ್ಕನೆಯದಕ್ಕೆ ಕೈ ಹಾಕಿದ್ದಿಲ್ಲ. ಕೊನೆಗೆ ಚೀಲದ ಬಾಯಿಗೆ ಕೆಂಪು ದಾರದ ಗಂಟು. ಆಕಾಶದಲ್ಲಿ ಕೊಡೆ ಬಿಚ್ಚಿದರೆ ಆ ದಾರ ಹರಿಯುತ್ತದೆ; ಇಲ್ಲದಿದ್ದರೆ ಗಂಟು ಹಾಗೇ ಇವಳ ಕೈಗೆ ಮರಳುತ್ತದೆ.

ನಾಲ್ಕು ವರ್ಷದ ಹಿಂದೆ, ನೆಲೆಯ ವಾರ್ಷಿಕ ಸಮಾರಂಭದ ದಿನ, ಜನ ಕತ್ತೆತ್ತಿ ನೋಡುತ್ತಿರುವಾಗಲೇ ಸಾಲಾಗಿ ಹಾರುತ್ತಿದ್ದ ಐದು ವಿಮಾನಗಳಲ್ಲಿ ಎರಡರ ರೆಕ್ಕೆ ತಾಗಿತು. ಎರಡೂ ಊರಾಚೆಯ ಬಯಲಿಗೆ ಬಿದ್ದವು. ಹೊಗೆಯ ಪಕ್ಕ ಅರಳಿದ್ದು ಒಂದೇ ಒಂದು ಕೊಡೆ. ಎರಡನ್ನೂ ಮಡಚಿದ್ದು ಇವಳೇ. ಕಾಣದೆ ಹೋದ ಆ ಇನ್ನೊಂದು ಕೊಡೆಯನ್ನು ಮಡಚುವಾಗ ಗಂಡ ಕಿಟಕಿಯಲ್ಲಿ ತಲೆ ತೂರಿಸಿ, ಮನೆಯ ಬೀಗದ ಕೈ ಎಲ್ಲಿ ಎಂದು ಕೇಳಿದ್ದ.

"ಜೇಬು ನೋಡ್ಕೋ ಅಂತ ಗದರಿ ಕಳಿಸಿದ್ದು ನೆನಪಿದೆ. ಆಮೇಲೆ ಬಿಚ್ಚಿ ಮಡಚಿದ್ನಾ, ಹಾಗೇ ಮುಂದುವರಿಸಿದ್ನಾ? ಎಷ್ಟು ತಲೆ ಕೆರ್ಕೊಂಡ್ರೂ ಹೊಳೀಲಿಲ್ಲ. ಒಂದೂವರೆ ಗಂಟೆ ಈ ಮೇಜಿನ ಕೆಳಗೆ ಕೂತಿದ್ದೆ. ಯಾರ ಮುಖಾನೂ ನೋಡೋಕಾಗ್ಲಿಲ್ಲ."

ಕೊನೆಗೆ ಸುದ್ದಿ ಬಂತು. ಎರಡನೆಯ ಪೈಲಟ್ ಬಯಲಂಚಿನ ತೋಪಿನಾಚೆ ಮರಕ್ಕೆ ನೇತುಬಿದ್ದಿದ್ದ. ಕೊಡೆ ಬಿಚ್ಚಿತ್ತು, ಕಾಲು ಮುರಿದಿತ್ತು, ಜೀವ ಗಟ್ಟಿಯಿತ್ತು.

ಮೂರು ತಿಂಗಳ ಮೇಲೆ ಅವನು ಊರುಗೋಲು ಹಿಡಿದು ಬಂದ. ಹಗ್ಗ ಕೈಯಲ್ಲಿತ್ತು, ಇವಳು ತಲೆಯೆತ್ತಲಿಲ್ಲ. ಅವನೂ ಮುಕ್ಕಾಲು ಗಂಟೆ ಒಂಟಿಕಾಲಲ್ಲಿ ಸುಮ್ಮನೆ ನಿಂತ. ಗಂಟು ಬಿದ್ದ ಮೇಲೆ ಇವಳು ಕೇಳಿದಳು, "ಕುರ್ಚಿ ಕಾಣಿಸ್ಲಿಲ್ವೇನಪ್ಪಾ?"

"ಎಳೆದ್ರೆ ಸದ್ದಾಗುತ್ತಲ್ಲಕ್ಕಾ."

ಅಂದಿನಿಂದ, ಮತ್ತೆ ಮರೆಯಬಾರದೆಂದು, ಬಿಚ್ಚಿ ಮಡಚಿದಾಗಲೆಲ್ಲ ಗೋಡೆಯ ಹಲಗೆಗೆ ಸೀಮೆಸುಣ್ಣದ ಗೀಟು ಬೀಳುತ್ತದೆ. ಇಂದೂ ಒಂದಿದೆ, ಯಾರೋ ಬಾಗಿಲಲ್ಲಿ ಚಹಾ ಬೇಕಾ ಅಂದರಂತೆ. ಗಂಡನಂತೂ ಮನೆಯಲ್ಲಿ ಇವಳು ಹೊದಿಕೆ ಮಡಚುತ್ತಿದ್ದರೂ ತುಟಿ ಪಿಟಕ್ಕೆನ್ನುವುದಿಲ್ಲ. "ಬೀಗದ ಕೈ ಜೇಬಲ್ಲೇ ಇತ್ತು," ಎನ್ನುತ್ತಾನೆ ಮೆಲ್ಲಗೆ. "ಅವಳ ಮುಂದೆ ಇನ್ನೂ ಒಪ್ಕೊಂಡಿಲ್ಲ."

ಅಪಘಾತದ ನಂತರ ನಿಂತುಹೋಗಿದ್ದ ಸಮಾರಂಭದ ಹಾರಾಟ ಈ ವಾರ ಮತ್ತೆ ನಡೆಯಲಿದೆ. ಮರಕ್ಕೆ ನೇತುಬಿದ್ದವನೂ ಹಾರುತ್ತಾನೆ. ಮೇಜಿನ ಮೇಲಿರುವ ಕೊಡೆ ಅವನದೇ.

ನೋಡಲು ಹೋಗುವುದಿಲ್ಲವೇ ಎಂದರೆ ಕೊಡೆಯಕ್ಕ ದಾರದ ತುದಿ ಎಳೆದು ಗಂಟು ಬಿಗಿಮಾಡುತ್ತಾಳೆ.

"ಇಲ್ಲೇ ಕೂತಿರ್ತೀನಿ. ಐದು ಹೋದ್ವು, ಐದು ಬಂದ್ವು ಅಂತ ಸದ್ದು ಎಣಿಸ್ತೀನಿ. ಆಮೇಲೆ ಅವನೇ ಈ ಚೀಲ ತಂದು ಮೇಜಿನ ಮೇಲೆ ಇಡ್ಬೇಕು. ಈ ಗಂಟು ಬಿಚ್ಚೋಳು ನಾನೇ ಆಗ್ಬೇಕು."