ಜಿಂಕೆಯ ಹಣೆಗೆ ಕುಂಕುಮ

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನಲ್ಲಿ ಗೆಳೆಯ ಸುರೇಶನ ಮನೆಯಲ್ಲಿ ಇಂದು ಆಯುಧಪೂಜೆ. ಅವನು ಕರೆದಿದ್ದನೆಂದು ಪಕ್ಕದ ಮನೆಯ ಮುದುಕರು, ವಾಲ್ಟರ್, ತಮ್ಮ ಮುತ್ತಜ್ಜಂದಿರ ಕಾಲದ ಜರ್ಮನ್ ಬೇಟೆ ಕೋವಿ ತಂದು, ಪೂಜೆಗೆ ಜೋಡಿಸಿದ್ದ ಲ್ಯಾಪ್‌ಟಾಪುಗಳ ಪಕ್ಕ ಇಟ್ಟರು. ಚಕಮಕಿ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿ. ಅದರ ಉಕ್ಕಿನ ಮೇಲೆ ಕೆತ್ತಿದ ಜಿಂಕೆಗೆ ಕಣ್ಣಿನ ರೆಪ್ಪೆ ಕೂಡ ಇತ್ತು. ಫೋಟೋ ಚೆನ್ನಾಗಿ ಬರಲೆಂದು ನಾನು ಅದರ ಹಣೆಗೇ ಒದ್ದೆ ಕುಂಕುಮ ಬಳಿದೆ.

"ಏನೋ ಮಾಡ್ದೆ? ನೀರು ಸೋಕಿದ್ರೆ ತುಕ್ಕು ಹಿಡಿಯತ್ತೆ ಕಣೋ," ಎಂದ ಸುರೇಶ, ತಗ್ಗಿದ ದನಿಯಲ್ಲಿ.

ಮುಖ ಎಲ್ಲಿಡಲಿ ಎಂದು ತಿಳಿಯಲಿಲ್ಲ. ವಾಲ್ಟರ್ ಬೈಯಲಿಲ್ಲ. ಕರವಸ್ತ್ರ ತೆಗೆದವರು, ಒರೆಸದೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ಈಗಲೇ ಒರೆಸಿದರೆ ನಿಮ್ಮ ಪೂಜೆ ಕೆಡುವುದಿಲ್ಲ ತಾನೇ?"

ನನ್ನ ಇನ್ನೊಂದು ಕೈಯಲ್ಲಿ, ಕ್ಯಾಮೆರಾ ತೆರೆದ ಫೋನು ಹಾಗೇ ಇತ್ತು.