ಅಮ್ಮಿಗೆ ಹೊಟ್ಟೆನೋವು ಇರಲಿಲ್ಲ

ಅಮ್ಮಿಗೆ ಹೊಟ್ಟೆನೋವು ಇರಲಿಲ್ಲ. ಇದೆ ಎಂದು ಡಾಕ್ಟರಿಗೆ ಹೇಳಿದವಳು ನಾನು. ಹೇಳಿದ್ದು ಮೂರೇ ಪದ — "ಹೊಟ್ಟೆ ನೋವಂತೆ ಸಾರ್". ಆ ಮೂರು ಪದಗಳನ್ನು ನನ್ನ ತಾಯಿ ಇಪ್ಪತ್ತೊಂಬತ್ತು ವರ್ಷ ಹೊತ್ತಳು.

ನನಗಾಗ ಹದಿಮೂರು. 'ಅಯ್ಯೋ ಪಾಪ, ಹದಿಮೂರರ ಹುಡುಗಿಗೆ ಏನು ತಿಳಿಯುತ್ತದೆ' ಎಂದು ನೀವು ಈಗಾಗಲೇ ಅಂದುಕೊಂಡಿದ್ದರೆ ದಯವಿಟ್ಟು ತಡೆಯಿರಿ. ನಾನೂ ಬಹಳ ವರ್ಷ ಅದನ್ನೇ ಅಂದುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡಿದವಳು. ಆದರೆ ಹದಿಮೂರರಲ್ಲಿ ಹೇಳಿದ ಸುಳ್ಳನ್ನು ಇಪ್ಪತ್ತಾರರಲ್ಲಿ, ಮತ್ತೆ ನಲವತ್ತೆರಡರಲ್ಲಿ, ಜೋಪಾನವಾಗಿ ಕಾಪಾಡಿದವಳು ಯಾರು? ಆ ಹುಡುಗಿಯ ಮೇಲೆ ಹೊರೆ ಹಾಕಿ ತಪ್ಪಿಸಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ.

ನಮ್ಮದು ಚಿತ್ರದುರ್ಗದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಮನೆ. ಅಬ್ಬಾ ಕುಲುಮೆಯ ಮುಂದೆ ಕೂತು ತವರ ಬಳಿಯುತ್ತಿದ್ದರು. ಅದಕ್ಕೆ ಮುಂಚೆ ಪಾತ್ರೆ ಉಜ್ಜಿ ಕೊಡುವುದು ಅಮ್ಮಿಯ ಕೆಲಸ. ಮದುವೆ ಅಡಿಗೆಯ ದೊಡ್ಡ ಕೊಪ್ಪರಿಗೆಗಳಿಗೆ ಕೈ ಸಾಲದು. ಒಳಗೆ ಮರಳು ಸುರಿದು, ತಾನೂ ಒಳಗಿಳಿದು, ಗೋಡೆ ಹಿಡಿದುಕೊಂಡು, ಸೊಂಟ ತಿರುಗಿಸಿ ತಿರುಗಿಸಿ ಪಾದದಿಂದಲೇ ಉಜ್ಜಬೇಕು. ನನಗೂ ತಮ್ಮನಿಗೂ ಅದು ಕುಣಿತದ ಹಾಗೆ ಕಾಣುತ್ತಿತ್ತು, ನಗುತ್ತಿದ್ದೆವು. ಆ ತಮ್ಮ ಹುಟ್ಟಿ ಇಪ್ಪತ್ತು ದಿನಕ್ಕೇ ಅಮ್ಮಿ ಕೊಪ್ಪರಿಗೆಯೊಳಗೆ ಇಳಿದಿದ್ದಳಂತೆ. ಮದುವೆಯ ಕಾಲ, ಅಬ್ಬಾ ಒಬ್ಬರಿಂದ ಕೆಲಸ ಸಾಗುತ್ತಿರಲಿಲ್ಲ. ಕಲಾಯಿ ಮುಗಿದ ಕೊಪ್ಪರಿಗೆಗಳನ್ನು ಎತ್ತಿ ಬಾಗಿಲಿಗೆ ಸಾಗಿಸುವವಳೂ ಅವಳೇ.

ಅಮ್ಮಿ ರಾಯದುರ್ಗದ ಕಡೆಯ ಹೆಣ್ಣು. ಅವಳ ಮಾತು ಉರ್ದು, ಜೊತೆಗೆ ಒಂದಿಷ್ಟು ತೆಲುಗು. ಕನ್ನಡ ಎಂದರೆ ಪಾತ್ರೆ ಎಷ್ಟು, ದೊಡ್ಡದೋ ಚಿಕ್ಕದೋ, ನಾಳೆ ಬರ್ರಿ — ಅಷ್ಟೇ. ನಾನು ಕನ್ನಡ ಶಾಲೆಯ ಹುಡುಗಿ, ಬಾಯಿ ಬೊಂಬಾಯಿ. ರೇಷನ್ ಅಂಗಡಿಯಲ್ಲಿ, ಕರೆಂಟ್ ಆಫೀಸಿನಲ್ಲಿ, ನಮ್ಮ ಗಲ್ಲಿಯ ಹೆಂಗಸರಿಗೆಲ್ಲ ನಾನೇ ವಕೀಲೆ. ಎಲ್ಲರ ಪರವಾಗಿ ಮಾತಾಡಿದ ಈ ಬಾಯಿ ಹೆತ್ತವಳ ಪರವಾಗಿ ಮಾತ್ರ —

ಅಂದು ದವಾಖಾನೆಗೆ ನಡೆದು ಹೋಗುವಾಗ ಅಮ್ಮಿ ನನ್ನ ಕೈ ಹಿಡಿದು, ಏನು ಹೇಳಬೇಕೆಂದು ಎರಡು ಸಲ ಹೇಳಿಕೊಟ್ಟಿದ್ದಳು. ಅವಳು ಹೇಳಿದ್ದು ಉರ್ದುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಈಗಲಾದರೂ ಒಂದು ಪದ ಬಿಡದೆ: "ಉಚ್ಚೆಗೆ ಕುಂತ್ರೆ ಕೆಳಗಿನಿಂದ ನಿಂಬೆಹಣ್ಣಿನಷ್ಟು ಗಡ್ಡೆ ಹೊರಗೆ ಬರ್ತೈತೆ. ಬೆರಳಲ್ಲಿ ಒಳಗೆ ತಳ್ಳಬೇಕು. ಸೊಂಟ ಕಿತ್ತು ಬರೋ ಹಂಗೆ ನೋವು. ಕೆಮ್ಮಿದ್ರೆ ಬಟ್ಟೆ ಒದ್ದೆ ಆಗ್ತೈತೆ. ಹಿಂಗೇ ಹೇಳು ಬೇಟಿ, ನಾಚ್ಕಬೇಡ."

ಡಾಕ್ಟರು ಗಂಡಸು, ವಯಸ್ಸಾದವರು. ಅವರ ಮೇಜಿಗೂ ಹೊರಗಿನ ಬೆಂಚಿಗೂ ನಡುವೆ ಒಂದು ಹಸಿರು ಪರದೆ, ಅಷ್ಟೇ. ಒಳಗೆ ಕೆಮ್ಮಿದರೂ ಬೆಂಚಿಗೆ ಕೇಳುತ್ತಿತ್ತು. ಆ ಬೆಂಚಿನ ಮೇಲೆ ನನ್ನ ತರಗತಿಯ ಹುಡುಗನೊಬ್ಬ ಜ್ವರ ಬಂದು ತನ್ನಪ್ಪನ ಪಕ್ಕ ಕೂತಿದ್ದ. "ಏನಾಗೇತಮ್ಮ ನಿಮ್ಮ ತಾಯಿಗೆ?" ಎಂದು ಡಾಕ್ಟರು ಕೇಳಿದರು. ಬಾಯಿ ತೆರೆದೆ. ನಾಳೆ ತರಗತಿಯಲ್ಲಿ ಅವನು ಇದನ್ನೆಲ್ಲ — ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಅಮ್ಮಿ ಇರಲಿಲ್ಲ, ಅವಳ ನೋವು ಇರಲಿಲ್ಲ.

"ಹೊಟ್ಟೆ ನೋವಂತೆ ಸಾರ್."

ಅವರು ಬುರ್ಖಾದ ಮೇಲಿಂದಲೇ ಹೊಟ್ಟೆ ಒತ್ತಿ ನೋಡಿದರು. "ಖಾರ ಕಮ್ಮಿ ಮಾಡ್ರಿ" ಎಂದು ಗ್ಯಾಸಿಗೆ ಮಾತ್ರೆ ಬರೆದರು. ಅವರದೇನೂ ತಪ್ಪಿಲ್ಲ. ಕೇಳಿದ್ದಕ್ಕೆ ಕೊಟ್ಟರು. ವಾಪಸು ಬರುವಾಗ ಅಮ್ಮಿ ರಸ್ತೆಯಲ್ಲಿ ನಿಂತು, "ಎಲ್ಲಾ ಹೇಳಿದ್ಯಾ?" ಎಂದಳು. "ಹ್ಞೂಂ, ಹೇಳಿದೆ. ಇದಕ್ಕೆ ಇದೇ ಔಷಧಿಯಂತೆ" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಾತ್ರೆಯ ಪೊಟ್ಟಣವನ್ನು ಬುರ್ಖಾದೊಳಗೆ ಇಟ್ಟುಕೊಂಡು ನಡೆದಳು.

ಮನೆಯಲ್ಲಿ ಒಂದು ಬಟ್ಟೆ ಹೆಚ್ಚಾಯಿತು. ಲಂಗೋಟಿಯಂತೆ ಬಿಗಿದು ಕಟ್ಟುವ ಹಳೆಯ ಸೀರೆಯ ತುಂಡು. ಅದನ್ನು ಬೇರೆ ಬಟ್ಟೆಯ ಅಡಿಯಲ್ಲಿ ಒಣಗಿಸುತ್ತಿದ್ದಳು, ಯಾರಿಗೂ ಕಾಣಬಾರದೆಂದು. ನನಗೆ ಕಾಣುತ್ತಿತ್ತು. ಅವಳು ಬಸ್ಸು ಹತ್ತುವುದು ಬಿಟ್ಟಳು, ಮದುವೆಗಳಿಗೆ ಹೋಗುವುದು ಬಿಟ್ಟಳು. ಭರಮಸಾಗರದಲ್ಲಿ ಅವಳ ತಂಗಿಯ ಮಗಳ ಮದುವೆ, ಎಷ್ಟು ಮಹಾ ದೂರ? — ಅದಕ್ಕೂ ಹೋಗಲಿಲ್ಲ. "ನಿಮ್ಮಮ್ಮಂಗೆ ಜಂಬ" ಎಂದರು ಜನ. ನಾನು ಸುಮ್ಮನಿದ್ದೆ.

ಎಲ್ಲಕ್ಕಿಂತ ನನ್ನನ್ನು ಈಗ ತಿನ್ನುವುದು ಇದು. ನಮಾಜಿಗೆ ಮುಂಚೆ ನಾವು ಕೈ ಕಾಲು ಮುಖ ತೊಳೆದು ವುಜೂ ಮಾಡುತ್ತೇವೆ. ಒಂದು ಹನಿ ಮೂತ್ರ ಹೋದರೂ ಅದು ಮುರಿದಂತೆ, ಮತ್ತೆ ತೊಳೆಯಬೇಕು. ಅಮ್ಮಿ ತೊಳೆಯುವಳು, ಬಂದು ನಿಲ್ಲುವಳು, ಬಗ್ಗುವಳು, ಮತ್ತೆ ನಲ್ಲಿಗೆ ಹೋಗುವಳು. ಅಂಥವರಿಗೆ ಧರ್ಮದಲ್ಲೇ ರಿಯಾಯಿತಿ ಇದೆಯೆಂದು ಅವಳಿಗೆ ಹೇಳುವವರಿರಲಿಲ್ಲ, ಯಾರನ್ನಾದರೂ ಕೇಳಲು ಅವಳಿಗೆ ನಾಚಿಕೆ. ಕೊನೆಗೆ ಕುರ್ಚಿಯ ಮೇಲೆ ಕೂತು ಮಾಡತೊಡಗಿದಳು. ಹಣೆಯನ್ನು ನೆಲಕ್ಕೆ ಹಚ್ಚುವ ಸಜ್ದಾ ಅವಳಿಗೆ ತಪ್ಪಿಹೋಯಿತು. ತಾನು ಸದಾ ಮೈಲಿಗೆ, ತನ್ನ ಯಾವ ಪ್ರಾರ್ಥನೆಯೂ ಮೇಲೆ ತಲುಪುವುದಿಲ್ಲ — ಹೀಗೆ ನಂಬಿಕೊಂಡು ಬದುಕಿದಳು ನನ್ನ ತಾಯಿ, ನಾನು ಒಬ್ಬ ಹುಡುಗನ ಮುಂದೆ ನಾಚಿಕೊಂಡದ್ದಕ್ಕೆ.

ಇಪ್ಪತ್ತಾರಕ್ಕೆ ನಾನು ಹೆತ್ತೆ. ಆಸ್ಪತ್ರೆಯಲ್ಲಿ ನರ್ಸು, "ಮೂರು ತಿಂಗ್ಳು ಬಿಂದಿಗೆ ಎತ್ತಬೇಡ ಕಣಮ್ಮ, ಗರ್ಭಕೋಶ ಜಾರ್ತೈತೆ" ಎಂದಳು. ಅಮ್ಮಿಯ ನಿಂಬೆಹಣ್ಣಿಗೆ ಒಂದು ಹೆಸರಿದೆ, ಅದಕ್ಕೆ ಚಿಕಿತ್ಸೆಯೂ ಇದೆ ಎಂದು ಅವತ್ತು ಗೊತ್ತಾಯಿತು. ಗೊತ್ತಾಗಿ ಏನು ಮಾಡಿದೆ? ತವರಿಗೆ ಬಂದು ನಲವತ್ತು ದಿನ ಮಲಗಿದೆ. ಅಮ್ಮಿ ದಿನಾ ಬಿಸಿನೀರಿನ ಕೊಳಗ ಎತ್ತಿ ತಂದು ನನಗೆ ಎರೆದಳು. ಎತ್ತುವ ಮುಂಚೆ ಒಂದು ಕೈಯಿಂದ ಸೀರೆಯ ನೆರಿಗೆ ಒತ್ತಿ ಹಿಡಿಯುತ್ತಿದ್ದಳು. ಏಕೆಂದು ನನಗೆ ಗೊತ್ತಿತ್ತು. ಅಷ್ಟು ಮಾಡಿ, "ನೀನು ಭಾರ ಎತ್ತಬೇಡ ಬೇಟಿ" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಡಾಕ್ಟರು ಎಷ್ಟು ವರ್ಷದಿಂದ ಎನ್ನುತ್ತಾರೆ, ಆ ಪರದೆಯ ಹಿಂದೆ ಹೇಳಿದ ಸುಳ್ಳು ಹೊರಗೆ ಬರುತ್ತದೆ — ಅದಕ್ಕೆ.

ಈಗ ನಾನು ಹೊಳಲ್ಕೆರೆಯ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಗೆ ಗರ್ಭಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ಹುಡುಗಿಯರು ಮುಸಿಮುಸಿ ನಕ್ಕರೆ, "ನಾಚಿಕೆ ಪಡುವಂಥದ್ದು ಏನಿದೆ ಇದರಲ್ಲಿ?" ಎಂದು ಗದರುತ್ತೇನೆ. ಥೂ ನನ್ನ!

ಅಮ್ಮಿ ಈಗ ನನ್ನ ಮನೆಯಲ್ಲೇ ಇದ್ದಾಳೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅವಳು ಬಚ್ಚಲಿಂದ ಹೊರಗೆ ಬರಲೇ ಇಲ್ಲ. ತಳ್ಳಿದರೆ ಒಳಗೆ ಹೋಗುತ್ತಿಲ್ಲ, ರಕ್ತ ಒಸರುತ್ತಿದೆ, ಮೂತ್ರ ಕಟ್ಟಿಕೊಂಡಿದೆ. ಆಟೋದಲ್ಲಿ ಲೇಡಿ ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಪರೀಕ್ಷೆ ಮಾಡಿ, ಗರ್ಭಕೋಶ ಪೂರ್ತಿ ಹೊರಗೆ ಬಂದಿದೆ, ಉಜ್ಜಿ ಉಜ್ಜಿ ಹುಣ್ಣಾಗಿದೆ ಎಂದರು. "ಯಾವಾಗಿಂದ ಹಿಂಗೈತೆ?"

"ಒಂದೆರಡು ವರ್ಷ ಇರಬಹುದು ಮೇಡಂ" — ಹೌದು, ಮತ್ತೆ ನಾನೇ. ಅಮ್ಮಿ ಮಲಗಿದ್ದಲ್ಲಿಂದಲೇ ತಲೆ ಹೊರಳಿಸಿ ನನ್ನನ್ನು ನೋಡಿದಳು. ಕೊಪ್ಪರಿಗೆ ಎಣಿಸಿ ಎಣಿಸಿ ಕನ್ನಡದ ಅಂಕಿಯನ್ನು ನನಗಿಂತ ಚೆನ್ನಾಗಿ ಬಲ್ಲವಳು ಅವಳು.

ಡಾಕ್ಟರು ಎರಡು ದಾರಿ ಹೇಳಿದರು. ಮೊದಲು ಹುಣ್ಣು ಮಾಯಬೇಕು, ರಕ್ತದ ಸಕ್ಕರೆ ಇಳಿಯಬೇಕು. ಆಮೇಲೆ ಗರ್ಭಕೋಶವನ್ನೇ ತೆಗೆಯಬಹುದು. ಆದರೆ ಅಮ್ಮಿಯ ಹೃದಯಕ್ಕೆ ಬಲ ಸಾಲದು, ಆಪರೇಷನ್ ಟೇಬಲ್ ಮೇಲೆ ಏನೂ ಆಗಬಹುದು. ಇಲ್ಲವೇ ರಬ್ಬರಿನ ಉಂಗುರ ಇಟ್ಟು ತಡೆದು ನೋಡಬಹುದು. ಮೂರು ಮೂರು ತಿಂಗಳಿಗೆ ಬಂದು ತೋರಿಸಬೇಕು, ಇಷ್ಟು ಜಾರಿರುವುದರಿಂದ ಅದು ನಿಲ್ಲುತ್ತದೆಂಬ ಭರವಸೆಯಿಲ್ಲ. ಪಕ್ಕದಲ್ಲಿದ್ದ ನರ್ಸು, "ಮೊದ್ಲೇ ಬಂದಿದ್ರೆ ಸಣ್ಣದ್ರಲ್ಲೇ ಮುಗೀತಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡ್ಲಿ ತಗಂಡಂಗಾತು ನೋಡ್ರಿ" ಎಂದಳು. ನಾನು ಎಲ್ಲವನ್ನೂ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಆ ನರ್ಸಿನ ಮಾತೊಂದನ್ನು ನುಂಗಿದೆ.

ಹಿರಿಯೂರಿನಿಂದ ತಮ್ಮ ಫೋನಿನಲ್ಲಿ, "ಈ ವಯಸ್ಸಿನಾಗೆ ಕೊಯ್ಸೋದು ಬ್ಯಾಡ ಅಕ್ಕ, ಉಂಗುರ ಹಾಕ್ಸಿ ಸುಮ್ಕಿರು" ಎಂದ. ಹತ್ತು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ ಅಮ್ಮಿ ಬೆಳ್ಳುಳ್ಳಿ ಸುಲಿಯುತ್ತಾ, "ನೀನು ಹೇಳು. ನಿನಗೆ ಗೊತ್ತಲ್ಲ ಇದೆಲ್ಲ" ಎಂದಳು.

ನನಗೆ ಗೊತ್ತಲ್ಲ — ಆ ಮಾತು ಬಾಣಲೆಯ ಎಣ್ಣೆ ಹಾರಿದಂತೆ ಮೈಗೆ ತಾಗಿತು. ಯಾವ ಬಾಯಿಯಿಂದ ಸಲಹೆ ಕೊಡಲಿ? ಅವಳ ಎದುರು ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಪರದೆ, ಬೆಂಚಿನ ಹುಡುಗ, ಹೊಟ್ಟೆ ನೋವು, ನನ್ನ ಬಾಣಂತನ, ಎರಡು ವರ್ಷವೆಂದ ಹೊಸ ಸುಳ್ಳು, ನುಂಗಿದ ಮಾತು. ಅಳಬಾರದೆಂದುಕೊಂಡಿದ್ದೆ, ಅತ್ತೆ.

ಅಮ್ಮಿ ಕೈಯಲ್ಲಿದ್ದ ಎಸಳನ್ನು ಪೂರ್ತಿ ಸುಲಿದಳು. "ಹೊಟ್ಟೆ ನೋವು ಅಂದ್ರೆ ನನಗೆ ಗೊತ್ತಿರಲಿಲ್ಲ ಅಂದ್ಕಂಡಿದ್ಯಾ? ಅಷ್ಟು ಕನ್ನಡ ಬರ್ತಿತ್ತು ನನಗೆ. ನಿನ್ನ ಮುಖ ನೋಡಿದೆ, ಸುಮ್ಮನಾದೆ. ದೊಡ್ಡವಳಾದ ಮೇಲೆ ಹೇಳ್ತಾಳೆ ಅಂದ್ಕಂಡೆ." ಇನ್ನೊಂದು ಎಸಳು ಎತ್ತಿಕೊಂಡು, "ಬಹಳ ವರ್ಷ ಕಾದೆ. ಆಮೇಲೆ ಬಿಟ್ಟೆ" ಎಂದಳು.

ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಕ್ಷಮಿಸಿದೆ ಎಂದಿದ್ದರೂ ಬಹುಶಃ — ಇಲ್ಲ, ಅದನ್ನು ಅವಳು ಅನ್ನಲಿಲ್ಲ. ನಾನು ಕೇಳಲೂ ಇಲ್ಲ, ಕೇಳುವ ಹಕ್ಕು ನನಗಿಲ್ಲ.

ಹುಣ್ಣು ಮಾಯ್ದು, ಸಕ್ಕರೆಯೂ ಇಳಿದ ಮೇಲೆ ಕಳೆದ ಸೋಮವಾರ ಮತ್ತೆ ಹೋದೆವು. ನಮ್ಮ ಸರದಿ ಬಂದಾಗ ಅಮ್ಮಿ, "ನೀನು ಇಲ್ಲೇ ಕುಂತ್ಕ" ಎಂದು ಒಬ್ಬಳೇ ಒಳಗೆ ಹೋದಳು. ಇಲ್ಲಿಯೂ ಪರದೆ, ಇಲ್ಲಿಯೂ ಬೆಂಚು. ಈ ಸಲ ಬೆಂಚಿನ ಮೇಲೆ ನಾನು. ಅವಳ ಪಾತ್ರೆ ವ್ಯಾಪಾರದ ಕನ್ನಡ ಎಲ್ಲರಿಗೂ ಕೇಳುವಂತಿತ್ತು. "ಆಪ್ರೇಸನ್ ಮಾಡ್ರಿ ಮೇಡಂ. ಹೋದ್ರೆ ಹೋಗ್ಲಿ ಜೀವ. ಉಳಿದ್ರೆ ನನ್ ತಲೆ ನೆಲಕ್ಕೆ ಹಚ್ಬೇಕು. ಕುರ್ಚಿ ಬ್ಯಾಡ ನನಗೆ." ಉಚ್ಚೆ ಸೋರುವುದು ಪೂರ್ತಿ ನಿಲ್ಲುತ್ತದೆಂದು ಹೇಳಲಾರೆ, ಮೂರು ತಿಂಗಳು ಕಳೆದರೆ ಬಗ್ಗಬಹುದು ಎಂದರು ಡಾಕ್ಟರು. "ಸಾಕ್ರಿ ಅಷ್ಟು" ಎಂದಳು. "ಇಪ್ಪತ್ತೊಂಬತ್ತು ವರ್ಸ ಆತು ಇದು."

"ಇಪ್ಪತ್ತೊಂಬತ್ತಾ? ನಿಮ್ಮ ಮಗಳು ಎರಡು ಅಂದಿದ್ರಲ್ಲ?"

"ಮಗಳು ಹೊರಗೈತೆ. ಅದನ್ನೇ ಕೇಳ್ರಿ."

ನರ್ಸು ಕರೆಯುವ ಮುಂಚೆಯೇ ಎದ್ದು ಹೋದೆ. ಸರಿಸಿದ ಪರದೆಯನ್ನು ಮತ್ತೆ ಎಳೆಯಲಿಲ್ಲ. "ಹೌದು ಮೇಡಂ, ಇಪ್ಪತ್ತೊಂಬತ್ತು ವರ್ಷ. ನನಗೆ ಗೊತ್ತಿತ್ತು, ನಾನೇ ಮುಚ್ಚಿಟ್ಟೆ" ಎಂದೆ. ಬೆಂಚಿನವರೆಲ್ಲ ಕೇಳಿಸಿಕೊಂಡರು. ಡಾಕ್ಟರು ಚೀಟಿಯಲ್ಲಿ ಎರಡನ್ನು ಹೊಡೆದುಹಾಕಿ ಇಪ್ಪತ್ತೊಂಬತ್ತು ಎಂದು ಬರೆದರು.

ಆಮೇಲೆ ಒಪ್ಪಿಗೆಯ ಕಾಗದ ಕೊಟ್ಟು, ತಾಯಿಗೆ ಓದಿ ಅರ್ಥ ಹೇಳಿ ಸಹಿ ಹಾಕಿಸಲು ಹೇಳಿದರು. ಒಂದೊಂದೇ ಸಾಲು ಓದಿ ಉರ್ದುವಿನಲ್ಲಿ ಹೇಳುತ್ತ ಹೋದೆ. ಪ್ರಾಣಾಪಾಯವಾದರೆ ಎಂಬ ಸಾಲಿಗೆ ಬಂದಾಗ ನಾಲಿಗೆ ನಿಂತಿತು. ಅಮ್ಮಿ ಅವಸರ ಮಾಡಲಿಲ್ಲ. ಪೆನ್ನು ಹಿಡಿದು, ನನ್ನ ಮುಖ ನೋಡುತ್ತ, ಕಾದಳು.

ಹೇಳಿದೆ. ಒಂದು ಪದವನ್ನೂ ಬಿಡಲಿಲ್ಲ. ಅಮ್ಮಿ ಸಹಿ ಹಾಕಿದಳು. ಆಪರೇಷನ್ ಈ ಗುರುವಾರ.