ಬೀಗ ಹಾಕಿದ್ದ ಫ್ಯಾನು

ದೆವ್ವ, ಗಾಳಿ ಸೋಕುವುದು ಇವನ್ನೆಲ್ಲ ನಾನು ನಂಬುತ್ತಿರಲಿಲ್ಲ. ಈಗ ನಂಬುತ್ತೀಯಾ ಎಂದು ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಇಪ್ಪತ್ತು ವರ್ಷದಿಂದ ಎಸಿ ಮತ್ತು ದೊಡ್ಡ ಫ್ಯಾನುಗಳ ರಿಪೇರಿ ಮಾಡಿಕೊಂಡು ಬಂದವನು ನಾನು. ಒಮ್ಮೆ ಹಂಗಳದ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ ಹೆಂಗಸು ಅಳುವ ಸದ್ದು ಬರುತ್ತದೆ ಎಂದು ಅಡುಗೆಯವರು ಒಳಗೆ ಕಾಲಿಡುತ್ತಿರಲಿಲ್ಲ. ಏಣಿ ಹತ್ತಿ ಒಂದು ಸ್ಕ್ರೂ ಬಿಗಿ ಮಾಡಿದೆ, ಅಳು ನಿಂತುಹೋಯಿತು. ಸದ್ದು ಎಂದರೆ ಬೇರಿಂಗ್, ಇಲ್ಲವೇ ಬೆಲ್ಟು, ಇಲ್ಲವೇ ಸಡಿಲವಾದ ತಗಡು, ಮತ್ತೇನೂ ಇಲ್ಲ ಎಂದು ಸಿಕ್ಕಿದವರಿಗೆಲ್ಲ ಹೇಳಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಗುಂಡ್ಲುಪೇಟೆಯ ಅಂಚಿನಲ್ಲಿ, ಖಾಸಗಿಯವರ ಒಂದು ಒಳಾಂಗಣ ಈಜುಕೊಳದಲ್ಲಿ ಕೆಲಸಕ್ಕಿದ್ದೆ. ಮಕ್ಕಳಿಗೆ ಈಜು ಕಲಿಸುವ ಜಾಗ. ಮೇಲೆ ತಗಡಿನ ಮಾಡು, ಸುತ್ತ ಗಾಜು, ಒಂದು ಕಿಟಕಿಯೂ ತೆರೆಯುವಂಥದ್ದಲ್ಲ. ಹಾಗಾಗಿ ಒಳಗಿನವರು ಉಸಿರಾಡುವ ಗಾಳಿಯೆಲ್ಲ ಹಿಂಬದಿಯ ಮೆಷಿನ್ ರೂಮಿನ ಫ್ಯಾನಿನಿಂದಲೇ ಬರಬೇಕು. ಅದನ್ನು ಹಗಲೂ ರಾತ್ರಿ ನಿಲ್ಲಿಸಬಾರದು. ನಿಂತರೆ ಗಾಜು ಬೆವರುತ್ತದೆ, ಕ್ಲೋರಿನ್ ಘಾಟು ನೀರಿನ ಮೇಲೆಯೇ ಕೂರುತ್ತದೆ. ಗಾಳಿ ಸರಿಯಾಗಿ ಬರುತ್ತಿದೆಯೇ ಎಂದು ಕೆಳಗಿನಿಂದಲೇ ಗೊತ್ತಾಗಲಿ ಅಂತ ಚಾವಣಿಯ ಹನ್ನೆರಡು ಜಾಲರಿಗಳಿಗೂ ಕೆಂಪು ರಿಬ್ಬನ್ ಕಟ್ಟಿದ್ದೆ.

ಆ ಫ್ಯಾನಿಗೆ ಒಂದು ಚಾಳಿಯಿತ್ತು. ಸುತ್ತು ಸುತ್ತಿಗೂ ಟಕ್ ಎನ್ನುತ್ತಿತ್ತು. ಬೇರಿಂಗ್ ಬದಲಾಯಿಸಬೇಕು ಎಂದುಕೊಂಡೇ ಮುಂದೂಡುತ್ತಿದ್ದೆ. ನನ್ನ ಹೆಂಡತಿಯ ಗೊರಕೆಯನ್ನಾದರೂ ಮರೆತೇನು, ಆ ಟಕ್ ಟಕ್ಕನ್ನು ಮರೆಯುವವನಲ್ಲ.

ಅದು ಆಯುಧಪೂಜೆಯ ದಿನ. ಕೊಳಕ್ಕೆ ರಜೆ. ಬೆಳಿಗ್ಗೆ ಫ್ಯಾನು ನಿಲ್ಲಿಸಿ, ಮೆಷಿನ್ ರೂಮು ತೊಳೆದು, ಫ್ಯಾನಿಗೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರವನ್ನು ಚಕ್ರದ ಕಡ್ಡಿಗಳಿಗೆ ಸುತ್ತಿ ಹಾಕಿದೆ. ಗಾಡಿಯ ಟೈರಿನಡಿ ನಿಂಬೆಹಣ್ಣು ಇಡುತ್ತೇವಲ್ಲ, ಹಾಗೆ ಬೆಲ್ಟಿಗೂ ಚಕ್ರಕ್ಕೂ ನಡುವೆ ಒಂದು ನಿಂಬೆಹಣ್ಣು ಸಿಕ್ಕಿಸಿದೆ. ಮಾರನೆಯ ಬೆಳಿಗ್ಗೆ ಸ್ವಿಚ್ ಹಾಕಿದರೆ ಮೊದಲ ಸುತ್ತಿಗೇ ಅದು ಅಪ್ಪಚ್ಚಿಯಾಗಬೇಕು. ಪೂಜೆ ಆದ ಮೇಲೆ ಆ ದಿನ ಯಂತ್ರ ಮುಟ್ಟಬಾರದು ಎಂಬುದು ನಮ್ಮಲ್ಲಿ ಎಲ್ಲರೂ ಪಾಲಿಸುವ ಪದ್ಧತಿ.

ನನಗೇನು ಅದರ ಮೇಲೆ ಭಕ್ತಿ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಹರದನಹಳ್ಳಿಯ ಮನೆಗೆ ಬೇಗ ಹೋಗಬೇಕಿತ್ತು, ಬೈಕಿಗೆ ಪೂಜೆ ಮಾಡಬೇಕಿತ್ತು. ಪದ್ಧತಿ ನನಗೆ ಅನುಕೂಲವಾಯಿತು ಅಷ್ಟೆ. ಮಾಲೀಕರು ಮಾತ್ರ ಅನುಮಾನದಿಂದ, "ಫ್ಯಾನ್ ನಿಲ್ಸಿದ್ರೆ ತೊಂದ್ರೆ ಇಲ್ವಾ?" ಎಂದರು. "ಒಂದಿನಕ್ಕೆ ಏನಾದದು ಬುಡಿ ಸಾರ್" ಎಂದೆ. ಹಾರ ಸಿಕ್ಕಿಕೊಂಡಿರುವಾಗ ಯಾರಾದರೂ ತಿಳಿಯದೆ ಹಾಕಿಬಿಟ್ಟಾರು ಎಂದು ಮೇನ್ ಸ್ವಿಚ್ಚನ್ನು ಕೆಳಗಿಳಿಸಿ ನನ್ನ ಬೀಗ ಜಡಿದೆ. ಅದಕ್ಕಿದ್ದದ್ದು ಒಂದೇ ಕೀಲಿ. ಅದನ್ನು ಜೇಬಿಗೆ ಹಾಕಿಕೊಂಡೆ.

ಇಂಥ ಕಥೆಗಳಲ್ಲಿ ಅಮಾವಾಸ್ಯೆ, ನಡುರಾತ್ರಿ ಬರಬೇಕು. ಇದು ನಡೆದದ್ದು ಮಧ್ಯಾಹ್ನ ಮೂರು ಗಂಟೆಗೆ, ಚುರುಚುರು ಬಿಸಿಲಿನಲ್ಲಿ. ಮಾಲೀಕರು ಪುರಿ, ಕಡಲೆ ಹಂಚಿ ಹೊರಟುಹೋಗಿದ್ದರು. ನಾನು ಗೇಟಿನ ಬಳಿ ಕಾವಲುಗಾರ ಜಬ್ಬಾರ್ ಸಾಹೇಬರ ಜೊತೆ ಟೀ ಕುಡಿದು ಬೈಕಿನ ಸ್ಟ್ಯಾಂಡ್ ತೆಗೆದೆ. ಆಗ ಕೇಳಿಸಿತು. ಟಕ್, ಟಕ್, ಟಕ್.

ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾವನೋ ನನ್ನ ಬೀಗ ಒಡೆದು ಫ್ಯಾನ್ ಹಾಕಿದ್ದಾನೆ ಎಂದುಕೊಂಡೆ. "ಫ್ಯಾನ್ ಯಾರ್ ಹಾಕಿದ್ದು ಸಾಬ್ರೇ?" ಎಂದು ಕೇಳಿದೆ. ಅವರು ಕಿವಿಗೊಟ್ಟು ಕೇಳಿ, "ಯಾವ ಫ್ಯಾನು? ನನಗೇನೂ ಕೇಳ್ತಾ ಇಲ್ವಲ್ಲಪ್ಪ" ಎಂದರು. ವಯಸ್ಸಾಯಿತು, ಕಿವಿ ಮಂದ ಎಂದುಕೊಂಡು ಹಿಂದಕ್ಕೆ ಓಡಿದೆ.

ಮೆಷಿನ್ ರೂಮಿನ ಬಾಗಿಲು ಹಾಕಿದಂತೆಯೇ ಇತ್ತು. ಸ್ವಿಚ್ಚಿನ ಬೀಗ ಜಡಿದಂತೆಯೇ ಇತ್ತು. ಮೀಟರಿನ ಮುಳ್ಳು ಸೊನ್ನೆಯ ಮೇಲೆ. ಫ್ಯಾನು ಹಾರ ಹಾಕಿಕೊಂಡು ಸುಮ್ಮನೆ ಕೂತಿತ್ತು. ಆದರೆ ಸದ್ದು ಬರುತ್ತಲೇ ಇತ್ತು, ಆ ಕೋಣೆಯಿಂದಲ್ಲ, ಗೋಡೆಯ ಆಚೆ ಕೊಳದ ಕಡೆಯಿಂದ. ಗಾಳಿ ಹೋಗುವ ತಗಡಿನ ಕೊಳವೆಯ ಮೇಲೆ ಕೈಯಿಟ್ಟೆ. ಅದು ಸಣ್ಣಗೆ ನಡುಗುತ್ತಿತ್ತು.

ಕೊಳದ ಗಾಜಿನ ಬಾಗಿಲು ತೆಗೆದದ್ದೇ ತಡ, ಘಾಟು ಮುಖಕ್ಕೆ ಹೊಡೆಯಿತು. ಕಣ್ಣು ಉರಿದುಹೋಯಿತು. ನೀರಿನ ಆಚೆ ದಡದಲ್ಲಿ, ಮೂಲೆಯಲ್ಲಿ, ಮಾದೇವಮ್ಮ ಬಿದ್ದಿದ್ದಳು.

ಮಾದೇವಮ್ಮ ಅಲ್ಲಿ ಕಸ ನೆಲ ಮಾಡುವ ಹೆಂಗಸು, ಹಂಗಳದಿಂದ ಬಸ್ಸಿಗೆ ಬರುತ್ತಿದ್ದಳು. ನನಗೆ ಅಕ್ಕನ ವಯಸ್ಸು. ಮಧ್ಯಾಹ್ನದ ಬಸ್ಸಿಗೇ ಹೋಗಿರುತ್ತಾಳೆ ಎಂದು ನಾನು ತಿಳಿದಿದ್ದೆ, ಒಂದು ಮಾತು ಕೇಳಿರಲಿಲ್ಲ. ಅವಳೋ, ಮಕ್ಕಳಿಲ್ಲದ ದಿನ ಟೈಲ್ಸ್ ಉಜ್ಜಿಬಿಡೋಣ ಎಂದು ಉಳಿದುಕೊಂಡಿದ್ದಳು. ಬ್ಲೀಚಿಂಗ್ ಪುಡಿ ಚೆಲ್ಲಿದ್ದ ನೆಲದ ಮೇಲೆಯೇ ಆಸಿಡ್ ಸುರಿದಿದ್ದಾಳೆ. ಎರಡೂ ಸೇರಿದರೆ ಏಳುವ ಹೊಗೆ ವಿಷ. ಫ್ಯಾನು ಓಡುತ್ತಿದ್ದರೆ ಅದನ್ನು ಹೊರಗೆ ತಳ್ಳಿರುತ್ತಿತ್ತು. ಫ್ಯಾನಿನ ಕೀಲಿ ನನ್ನ ಜೇಬಿನಲ್ಲಿತ್ತು.

ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಓಡಿದೆ. ಕೆಮ್ಮು ತಡೆಯಲಾಗುತ್ತಿರಲಿಲ್ಲ. ಆದರೆ ಅವಳ ಹತ್ತಿರ ಹೋಗುತ್ತಿದ್ದಂತೆ, ಇದನ್ನು ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಘಾಟು ಇರಲಿಲ್ಲ. ತಣ್ಣಗೆ ಗಾಳಿ ಬೀಸುತ್ತಿತ್ತು. ತಲೆಯೆತ್ತಿ ನೋಡಿದೆ. ಹನ್ನೊಂದು ರಿಬ್ಬನ್ನುಗಳು ಅಲ್ಲಾಡದೆ ಜೋತುಬಿದ್ದಿದ್ದವು. ಅವಳ ನೆತ್ತಿಯ ಮೇಲಿನ ಒಂದೇ ಒಂದು ರಿಬ್ಬನ್ ಪಟಪಟನೆ ಹಾರುತ್ತಿತ್ತು.

ನಿಂತು ನೋಡುವ ಹೊತ್ತಲ್ಲ ಅದು. ರಟ್ಟೆ ಹಿಡಿದು ಎಳೆದೆ. ಬಾಗಿಲ ಬಳಿ ಜಬ್ಬಾರ್ ಸಾಹೇಬರೂ ಕೈಕೊಟ್ಟರು. "ಯಾ ಅಲ್ಲಾ, ಉಸಿರಿದೆ ಕಣಪ್ಪ, ಉಸಿರಿದೆ" ಎಂದು ಅವರು ಕೂಗಿದಾಗ ನಾನು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಈ ಹೊಗೆ ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ, ಬಿದ್ದವರು ಬದುಕುವುದು ಕಷ್ಟ, ಇವರಿಗೆ ಎಲ್ಲಿಂದಲೋ ಒಳ್ಳೆ ಗಾಳಿ ಸಿಕ್ಕಿದೆ ಎಂದರು ಡಾಕ್ಟರು.

ಸಂಜೆ ಹಿಂತಿರುಗಿ ಮೊದಲು ಮೆಷಿನ್ ರೂಮಿಗೆ ಹೋದೆ. ಟಾರ್ಚ್ ಹಾಕಿ ನೋಡಿದೆ. ಬೆಲ್ಟಿನ ಸಂದಿಯಲ್ಲಿ ನಿಂಬೆಹಣ್ಣು ಹಾಗೇ ಇತ್ತು, ದುಂಡಗೆ, ಮೇಲಿಟ್ಟ ಕುಂಕುಮ ಕೂಡ ಅಳಿಸದೆ. ಹಾರದ ಒಂದು ಎಸಳೂ ಉದುರಿರಲಿಲ್ಲ. ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಯಾರೋ ಕಳ್ಳಕೀಲಿ ಮಾಡಿಸಿದ್ದಾರೆ ಎಂದು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಮಾರನೆಯ ದಿನ ಬೀಗ ತೆಗೆದು ಸ್ವಿಚ್ ಹಾಕಿದೆ. ಮೊದಲ ಸುತ್ತಿಗೇ ಹಣ್ಣು ಒಡೆದು ರಸ ಗೋಡೆಗೆ ಚಿಮ್ಮಿತು.

ನನಗೆ ತಿಳಿದ ಸಮಾಧಾನಗಳನ್ನೆಲ್ಲ ಹೇಳಿಕೊಂಡು ನೋಡಿದ್ದೇನೆ. ಹೊರಗಿನ ಗಾಳಿ ಕೊಳವೆಯೊಳಗೆ ನುಗ್ಗಿರಬಹುದು. ಬಿಸಿಲಿಗೆ ತಗಡು ಹಿಗ್ಗಿ ಟಕ್ ಎಂದಿರಬಹುದು. ಒಂದೊಂದನ್ನೇ ಒಪ್ಪಬಹುದು. ಎಲ್ಲವೂ ಅದೇ ಹೊತ್ತಿಗೆ, ಅದೇ ಮೂಲೆಯಲ್ಲಿ, ಜಬ್ಬಾರ್ ಸಾಹೇಬರಿಗೆ ಕೇಳಿಸದೆ ನನಗೆ ಕೇಳಿಸುವಂತೆ ಆಯಿತು ಎಂಬುದನ್ನು ಒಪ್ಪಲು ಮನಸ್ಸು ಬರುವುದಿಲ್ಲ.

ಮಾದೇವಮ್ಮ ಮೂರು ದಿನಕ್ಕೆ ಎದ್ದು ಕೂತಳು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಜೀವ ಓಗ್ಬುಡ್ತು ಅಂದ್ಕಂಡೆ ಕಣಪ್ಪ. ಆಮೇಕೆ ಟಕ್ ಟಕ್ ಅಂತ ನಿನ್ ಫ್ಯಾನ್ ಸದ್ದು ಕೇಳ್ತು, ತಣ್ಣಗೆ ಗಾಳಿ ಬತ್ತು. ನೀನು ಫ್ಯಾನ್ ಹಾಕ್ದಿದ್ರೆ ನಾನೆಲ್ಲಿ ಉಳೀತಿದ್ದೆ?" ಎಂದಳು. ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ.

ನಾನೀಗ ಆ ಕೆಲಸ ಬಿಟ್ಟು ಚಾಮರಾಜನಗರದಲ್ಲಿ ಅಂಗಡಿ ಇಟ್ಟಿದ್ದೇನೆ. ಪ್ರತಿ ಆಯುಧಪೂಜೆಗೂ ಮಾದೇವಮ್ಮ ಹಂಗಳದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಾಳೆ, ಒಂದು ಮೊಳ ಚೆಂಡುಹೂವು, ಒಂದು ನಿಂಬೆಹಣ್ಣು ತರುತ್ತಾಳೆ. "ನನ್ ಜೀವ ಉಳಿಸ್ದೋನು" ಎಂದು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ನನ್ನನ್ನು ತೋರಿಸುತ್ತಾಳೆ. ಆ ದಿನ ಫ್ಯಾನು ಹಾಕಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಿಲ್ಲಿಸಿದವನು ನಾನು ಎಂಬುದನ್ನು ಅವಳಿಗೆ ಹೇಳಲು ಇನ್ನೂ ಆಗಿಲ್ಲ. ಹೋದ ವರ್ಷವೂ ನಿಂಬೆಹಣ್ಣು ತಂದು ಕೈಯಲ್ಲಿಟ್ಟಳು. ಎರಡೂ ಕೈ ಚಾಚಿ ಇಸಿದುಕೊಂಡೆ.